ವಿಜ್ಞಾನದ ಹೋಂವರ್ಕಿನಲ್ಲಿ ಹಂತಗಳನ್ನು ಯಾರು ತಿದ್ದುತ್ತಾರೆ?

ಮಾನ್ಯ ಸಂಪಾದಕರೇ,

ಕಳೆದ ವಾರ ಪಕ್ಕದ ಮನೆಯ ಹುಡುಗಿ, ಹತ್ತನೆಯ ತರಗತಿಯವಳು, ವಿಜ್ಞಾನದ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವ, ಅಂದರೆ ಎರಡೂ ಕಡೆಯ ಪರಮಾಣುಗಳ ಎಣಿಕೆಯನ್ನು ಸಮ ಮಾಡುವ, 20 ಲೆಕ್ಕಗಳನ್ನು ಒಂದೇ ರಾತ್ರಿಯ ಹೋಂವರ್ಕಿಗೆ ಕೊಟ್ಟಿದ್ದರಂತೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗಿದ್ದವು. ಪುಟದ ಮೇಲಿನಿಂದ ಕೆಳಗಿನವರೆಗೆ ಕೆಂಪು ಶಾಯಿಯಲ್ಲಿ ಎಳೆದ ಒಂದೇ ರೈಟ್ ಗುರುತು, ಅದರಡಿಯಲ್ಲಿ ಸಹಿ ಮತ್ತು ದಿನಾಂಕ. ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸುವ ಸಮೀಕರಣವನ್ನು ತೋರಿಸಿ, "ನೀರಿನ ಮುಂದೆ 4 ಎಂದು ಏಕೆ ಬರೆದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಪುಟವನ್ನೇ ನೋಡುತ್ತಿದ್ದವಳು, "ಗೈಡಿನಲ್ಲಿ ಹಾಗೇ ಇದೆ ಮಿಸ್" ಎಂದಳು. ಅವಳು ಬಂದಿದ್ದ ಕಾರಣವೂ ಅದೇ ಆಗಿತ್ತು. ಆ ದಿನದ ಕಿರುಪರೀಕ್ಷೆಯಲ್ಲಿ ಗೈಡಿನಲ್ಲಿಲ್ಲದ ಒಂದು ಸಮೀಕರಣವನ್ನು, ಅಲ್ಯೂಮಿನಿಯಂ ಮತ್ತು ತಾಮ್ರದ ಕ್ಲೋರೈಡಿನ ಕ್ರಿಯೆಯನ್ನು ಕೊಟ್ಟಿದ್ದರು. ಇಪ್ಪತ್ತು ಲೆಕ್ಕಗಳನ್ನು ಸರಿಯಾಗಿ ಬರೆದ ಆ ಹುಡುಗಿಗೆ ಇಪ್ಪತ್ತೊಂದನೆಯದನ್ನು ಎಲ್ಲಿಂದ ಆರಂಭಿಸಬೇಕು ಎಂಬುದೇ ತಿಳಿದಿರಲಿಲ್ಲ.

ನಾನು 31 ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿ ನಿವೃತ್ತಳಾದವಳು. ಈ ಹುಡುಗಿಯನ್ನಾಗಲಿ, ಅವಳ ಶಿಕ್ಷಕರನ್ನಾಗಲಿ ದೂಷಿಸಲು ಈ ಪತ್ರ ಬರೆಯುತ್ತಿಲ್ಲ. ಭೌತವಿಜ್ಞಾನ, ರಸಾಯನವಿಜ್ಞಾನಗಳ ಲೆಕ್ಕ ಮಾಡುವಾಗ ಮಗು ಏನಾದರೂ ಕಲಿಯುವುದಿದ್ದರೆ ಅದನ್ನು ಉತ್ತರಕ್ಕೆ ಮೊದಲು ಬರುವ ನಾಲ್ಕೈದು ಸಾಲುಗಳಲ್ಲಿ ಕಲಿಯುತ್ತದೆ. ಆ ಸಾಲುಗಳನ್ನು ಈಗ ಬಹುಪಾಲು ಮಕ್ಕಳು ತಾವಾಗಿ ಬರೆಯುತ್ತಿಲ್ಲ, ಬರೆದರೂ ಅವುಗಳನ್ನು ಓದುವವರು ಇಲ್ಲ. ಇದನ್ನು ಸರಿಪಡಿಸುವುದಕ್ಕೆ ಹೆಚ್ಚು ಹಣವಾಗಲಿ, ಹೊಸ ಉಪಕರಣಗಳಾಗಲಿ ಬೇಕಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕರು ಹಾಗೂ ಪಾಲಕರ ಗಮನಕ್ಕೆ ತರಬೇಕೆಂದು ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಆ ಸಂಜೆ ನಾವಿಬ್ಬರೂ ಕಬ್ಬಿಣ ಮತ್ತು ಹಬೆಯ ಸಮೀಕರಣವನ್ನೇ ಮೊದಲಿನಿಂದ ಮಾಡಿದೆವು. ಎಡಗಡೆಯಲ್ಲಿ ಕಬ್ಬಿಣ ಮತ್ತು ನೀರು. ಬಲಗಡೆಯಲ್ಲಿ ಮೂರು ಕಬ್ಬಿಣ ಹಾಗೂ ನಾಲ್ಕು ಆಕ್ಸಿಜನ್ ಪರಮಾಣುಗಳಿರುವ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಅನಿಲ. ಅತಿ ಹೆಚ್ಚು ಪರಮಾಣುಗಳಿರುವ ಸಂಯುಕ್ತ ಯಾವುದು ಎಂದು ಕೇಳಿದಾಗ ಅವಳು ಆಕ್ಸೈಡನ್ನು ಸರಿಯಾಗಿ ತೋರಿಸಿದಳು. ಅದರಲ್ಲಿ ಆಕ್ಸಿಜನ್ ನಾಲ್ಕು ಇವೆ, ಎಡಗಡೆ ಆಕ್ಸಿಜನ್ ಬರುವುದು ನೀರಿನಿಂದ ಮಾತ್ರ, ಒಂದು ನೀರಿನ ಅಣುವಿನಲ್ಲಿರುವುದು ಒಂದೇ ಆಕ್ಸಿಜನ್, ಆದ್ದರಿಂದ ನೀರಿನ ಅಣುಗಳು ನಾಲ್ಕು ಬೇಕು. ನಾಲ್ಕು ನೀರಿನಲ್ಲಿ ಹೈಡ್ರೋಜನ್ ಎಂಟು. ಹೈಡ್ರೋಜನ್ ಅನಿಲದ ಪ್ರತಿ ಅಣುವಿನಲ್ಲಿ ಎರಡೆರಡು ಪರಮಾಣುಗಳಿರುವುದರಿಂದ ಬಲಗಡೆ ನಾಲ್ಕು ಅಣುಗಳು. ಕೊನೆಯಲ್ಲಿ ಕಬ್ಬಿಣ ಮೂರು. ಎರಡೂ ಕಡೆ ಎಣಿಸಿದರೆ ಕಬ್ಬಿಣ 3, ಹೈಡ್ರೋಜನ್ 8, ಆಕ್ಸಿಜನ್ 4. ಇಷ್ಟಕ್ಕೆ ಬೇಕಾದದ್ದು ಎರಡರ ಮಗ್ಗಿಯಷ್ಟೇ. ಆದರೆ "ಆದ್ದರಿಂದ" ಎಂಬ ಪದವನ್ನು ಅವಳು ಅಂದು ಮೂರು ಬಾರಿ ಬಾಯಿಬಿಟ್ಟು ಹೇಳಿದಳು, ಗೈಡಿನಲ್ಲಿ ಅಚ್ಚಾಗಿರುವ ಆ ಲೆಕ್ಕದಲ್ಲಿ ಅದು ಒಮ್ಮೆಯೂ ಇಲ್ಲ.

ಇದೇ ಪಾಠದಲ್ಲಿ ಮಕ್ಕಳು ಮಾಡುವ ಒಂದು ತಪ್ಪನ್ನು ಮೂರು ದಶಕಗಳಲ್ಲಿ ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಆಕ್ಸಿಜನ್ ಸಾಲದೆ ಬಂದರೆ ನೀರಿನ ಮುಂದೆ ಅಂಕಿ ಹಾಕುವ ಬದಲು ನೀರಿನ ಸೂತ್ರದೊಳಗಿನ ಚಿಕ್ಕ ಅಂಕಿಯನ್ನೇ ಬದಲಾಯಿಸಿಬಿಡುತ್ತಾರೆ. ಎಣಿಕೆ ಸರಿಹೋಗುತ್ತದೆ, ಆದರೆ ಪದಾರ್ಥವೇ ಬೇರೆಯಾಗುತ್ತದೆ. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಪರಮಾಣುವನ್ನು ಸೇರಿಸಿ ಬರೆದರೆ ಅದು ನೀರಲ್ಲ, ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್. ನಾನು ತರಗತಿಯಲ್ಲಿ ಇದಕ್ಕೆ ವೀಳ್ಯದೆಲೆಯ ಉದಾಹರಣೆ ಕೊಡುತ್ತಿದ್ದೆ. ಸಂತೆಯಲ್ಲಿ ಎಲೆಯನ್ನು ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ. ನಿಮಗೆ ಹೆಚ್ಚು ಎಲೆ ಬೇಕಾದರೆ ಇನ್ನೊಂದು ಕಟ್ಟು ಕೊಳ್ಳಬಹುದು, ಕಟ್ಟಿನ ದಾರ ಬಿಚ್ಚಿ ಒಳಗೆ ಎರಡು ಎಲೆ ತುರುಕುವುದಕ್ಕೆ ಮಾರುವವಳು ಬಿಡುವುದಿಲ್ಲ. ಅಣು ಎಂದರೆ ಪ್ರಕೃತಿ ಕಟ್ಟಿಕೊಟ್ಟ ಕಟ್ಟು. ಅದರ ಮುಂದಿನ ಸಂಖ್ಯೆ ನಮ್ಮ ಕೈಯಲ್ಲಿದೆ, ಒಳಗಿನದು ಇಲ್ಲ. ಈ ತಪ್ಪು ಉತ್ತರದ ಸಾಲಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಏಕೆಂದರೆ ಮಗು ಅದನ್ನು ಅಳಿಸಿ ಗೈಡಿನಿಂದ ಸರಿಯಾದದ್ದನ್ನು ಬರೆದುಕೊಂಡಿರುತ್ತದೆ. ಶಿಕ್ಷಕರು ನೋಡಬೇಕಾದದ್ದು ಆ ಅಳಿಸಿದ ಸಾಲನ್ನು.

ಹಾಗಾದರೆ ಶಿಕ್ಷಕರು ಏಕೆ ನೋಡುವುದಿಲ್ಲ ಎಂಬ ಪ್ರಶ್ನೆಗೆ ನಾನು ಒಂದು ಲೆಕ್ಕವನ್ನೇ ಉತ್ತರವಾಗಿ ಕೊಡುತ್ತೇನೆ. ತರಗತಿಯಲ್ಲಿ 60 ಮಕ್ಕಳು, ತಲಾ 20 ಲೆಕ್ಕ ಎಂದರೆ 1200 ಲೆಕ್ಕಗಳು. ಒಂದೊಂದರ ಹಂತಗಳನ್ನು ಓದಿ ತಿದ್ದಲು ಎರಡೇ ನಿಮಿಷ ಹಿಡಿದರೂ 2400 ನಿಮಿಷ, ಅಂದರೆ 40 ಗಂಟೆ. ದಿನಕ್ಕೆ ಐದಾರು ಪಿರಿಯಡ್ ಪಾಠ ಮಾಡಿ, ಪೋರ್ಷನ್ ಮುಗಿಸುವ ಒತ್ತಡದ ನಡುವೆ ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವನ್ನೂ ಮಾಡುವ ಶಿಕ್ಷಕಿಗೆ ಆ 40 ಗಂಟೆ ಎಲ್ಲಿಂದ ಬರಬೇಕು? ಆದ್ದರಿಂದ ಒಂದೇ ರೈಟ್ ಗುರುತು. ಇದು ಅವರ ಸೋಮಾರಿತನವಲ್ಲ ಎಂದು ನಾನು ಎದೆ ಮುಟ್ಟಿಕೊಂಡು ಹೇಳಬಲ್ಲೆ, ಏಕೆಂದರೆ ನಾನೂ ಮೊದಲ ಹತ್ತು ವರ್ಷ ಹಾಗೆಯೇ ಗುರುತು ಹಾಕಿದವಳು. ಮುಂದೆ ಒಂದು ವರ್ಷ ಕಿರುಪರೀಕ್ಷೆಯಲ್ಲಿ ಅಂಕಿಗಳನ್ನಷ್ಟೇ ಬದಲಿಸಿ ಅದೇ ಲೆಕ್ಕಗಳನ್ನು ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಳೆಯನ್ನು ಖಾಲಿ ಬಿಟ್ಟರು. ಅಂದಿನಿಂದ ಹೋಂವರ್ಕನ್ನು ಎರಡು ಲೆಕ್ಕಗಳಿಗೆ ಇಳಿಸಿದೆ. 60 ಮಕ್ಕಳ 120 ಲೆಕ್ಕ, ನಾಲ್ಕು ಗಂಟೆ, ಅದೂ ಒಂದು ವಾರದಲ್ಲಿ ಹಂಚಿಹೋಗುತ್ತಿತ್ತು. ಪ್ರತಿ ಲೆಕ್ಕದಲ್ಲಿಯೂ ಹಾದಿ ತಪ್ಪಿದ ಮೊದಲ ಸಾಲಿನ ಕೆಳಗೆ ಮಾತ್ರ ಗೆರೆ ಎಳೆಯುತ್ತಿದ್ದೆ. ಸರಿಯುತ್ತರವನ್ನು ನಾನು ಬರೆಯುತ್ತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಮಗುವೇ ಮಾಡಿ ತರಬೇಕು. ಕಡಿಮೆ ಹೋಂವರ್ಕ್ ಕೊಡುತ್ತೇನೆಂದು ಕೆಲವು ಪಾಲಕರು ಮುಖ್ಯ ಶಿಕ್ಷಕರಲ್ಲಿ ದೂರಿದ್ದೂ ಉಂಟು.

ಈಗ ಗೈಡಿನ ಜೊತೆಗೆ ಮೊಬೈಲ್ ಫೋನೂ ಬಂದಿದೆ. ಲೆಕ್ಕದ ಚಿತ್ರ ತೆಗೆದರೆ ಕ್ಷಣದಲ್ಲಿ ಉತ್ತರ, ಹಂತಗಳ ಸಮೇತ, ಪರದೆಯ ಮೇಲೆ ಬರುತ್ತದೆ. ಫೋನನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಗುವಿಗೆ ಅದರಿಂದ ಸಹಾಯವೂ ಆಗುತ್ತದೆ. ಆದರೆ ತಾನು ಒಮ್ಮೆ ಪ್ರಯತ್ನಿಸಿ, ಎಲ್ಲಿ ಸಿಕ್ಕಿಕೊಂಡೆ ಎಂದು ಗುರುತು ಮಾಡಿಕೊಂಡ ಮೇಲೆ ನೋಡುವುದಕ್ಕೂ, ಪ್ರಶ್ನೆಯನ್ನೇ ಓದದೆ ಚಿತ್ರ ತೆಗೆಯುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಎರಡನೆಯದರಲ್ಲಿ ಮಗುವಿನ ಕೈ ಮಾತ್ರ ಕೆಲಸ ಮಾಡುತ್ತದೆ.

ಹಂತಗಳಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವುದು ಏಕಮಾನಗಳನ್ನು. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಬಸ್ಸು ಬ್ರೇಕ್ ಹಾಕಿದ 4 ಸೆಕೆಂಡುಗಳಲ್ಲಿ ನಿಂತರೆ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು ಎಂಬ ಸರಳ ಲೆಕ್ಕವನ್ನು ತೆಗೆದುಕೊಳ್ಳಿ. ಬಹಳಷ್ಟು ಮಕ್ಕಳು 72ನ್ನು 4ರಿಂದ ಭಾಗಿಸಿ 18 ಎಂದು ಬರೆದು, ಅದರ ಮುಂದೆ ಅಭ್ಯಾಸಬಲದಿಂದ "ಮೀಟರ್ ಪ್ರತಿ ಸೆಕೆಂಡ್ ವರ್ಗ" ಎಂದು ಸೇರಿಸುತ್ತಾರೆ. ಭಾಗಾಕಾರ ತಪ್ಪಲ್ಲ. ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ 18 ಕಿಲೋಮೀಟರಿನಷ್ಟು ತಗ್ಗಿತು ಎಂದು ಬರೆದಿದ್ದರೆ ಆ ಮಾತು ಪೂರ್ತಿ ನಿಜವಾಗಿರುತ್ತಿತ್ತು. ಅಂಕಿಯ ಜೊತೆಗಿದ್ದ ಏಕಮಾನವನ್ನು ಮೊದಲ ಸಾಲಿನಲ್ಲೇ ಬಿಟ್ಟು, ಕೊನೆಯ ಸಾಲಿನಲ್ಲಿ ನೆನಪಿನಿಂದ ಬೇರೊಂದನ್ನು ಅಂಟಿಸಿದ್ದರಿಂದ ಅದು ತಪ್ಪಾಯಿತು. 72 ಕಿಲೋಮೀಟರ್ ಎಂದರೆ 72,000 ಮೀಟರ್, ಒಂದು ಗಂಟೆ ಎಂದರೆ 3600 ಸೆಕೆಂಡ್, ಆದ್ದರಿಂದ ಸೆಕೆಂಡಿಗೆ 20 ಮೀಟರ್. ಕೊನೆಯ ವೇಗ ಸೊನ್ನೆ. ಸೊನ್ನೆಯಲ್ಲಿ 20 ಕಳೆದು 4ರಿಂದ ಭಾಗಿಸಿದರೆ ಋಣ 5. ಆ ಋಣ ಚಿಹ್ನೆಯನ್ನು ಮಕ್ಕಳು ಬೇಡದ ಗೆರೆ ಎಂದುಕೊಂಡು ಕೈಬಿಡುತ್ತಾರೆ. ಬಸ್ಸು ನಿಧಾನವಾಗುತ್ತಿದೆ ಎಂಬ ಸಂಗತಿಯನ್ನು ಇಡೀ ಉತ್ತರದಲ್ಲಿ ಹೇಳುತ್ತಿರುವುದು ಅದೊಂದೇ. ನಿಲ್ಲುವುದರೊಳಗೆ ಬಸ್ಸು ಎಷ್ಟು ದೂರ ಸಾಗಿತು ಎಂದು ಮುಂದುವರಿಸಿದರೆ, ಸರಾಸರಿ ಸೆಕೆಂಡಿಗೆ 10 ಮೀಟರಿನಂತೆ 4 ಸೆಕೆಂಡಿಗೆ 40 ಮೀಟರ್. ಹೆದ್ದಾರಿ ದಾಟಿ ಶಾಲೆಗೆ ಬರುವ ಮಕ್ಕಳಿಗೆ ಆ 40 ಮೀಟರನ್ನು ಶಾಲೆಯ ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆಯಿಸಿ ತೋರಿಸುತ್ತಿದ್ದೆ.

ಉತ್ತರ ಬಂದ ಮೇಲೆ "ಇದು ನಂಬುವಂತಿದೆಯೇ?" ಎಂದು ಕೇಳಿಕೊಳ್ಳುವುದೂ ಒಂದು ಹಂತವೇ. ಮೇಲಿನ ಲೆಕ್ಕದಲ್ಲಿ ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ 18 ಎಂದರೆ ಗುರುತ್ವ ವೇಗೋತ್ಕರ್ಷವಾದ 9.8ರ ಸುಮಾರು ಎರಡು ಪಟ್ಟು. ಹಾಗೆ ನಿಲ್ಲುವ ಬಸ್ಸಿನಲ್ಲಿ ಯಾರೂ ಸೀಟಿನಲ್ಲಿ ಉಳಿಯುವುದಿಲ್ಲ. ಇನ್ನೊಂದು ಉದಾಹರಣೆ: 30 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರಕ್ಕೆ ಗಂಟೆಗೆ 30ರಂತೆ ಹೋಗಿ, 60ರಂತೆ ಹಿಂದಿರುಗಿದರೆ ಸರಾಸರಿ ಜವ 45 ಎಂದು ಇಡೀ ತರಗತಿ ಒಂದೇ ಉಸಿರಿಗೆ ಹೇಳುತ್ತದೆ. ಹೋಗಲು ಒಂದು ಗಂಟೆ, ಬರಲು ಅರ್ಧ ಗಂಟೆ, ಒಟ್ಟು 60 ಕಿಲೋಮೀಟರಿಗೆ ಒಂದೂವರೆ ಗಂಟೆ; ಜವ 40. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ರಸ್ತೆಯ ಮೇಲಿದ್ದೆವು ಎಂಬುದನ್ನು ಮರೆತರೆ 45 ಬರುತ್ತದೆ. ಕ್ಯಾಲ್ಕುಲೇಟರ್ ಬಳಸುವ ಮಕ್ಕಳಲ್ಲಿ ಬೇರೆಯದೇ ತೊಂದರೆಯಿದೆ. 230 ವೋಲ್ಟಿಗೆ 1000 ವಾಟ್ ಹೀಟರ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದರೆ 4.3478260 ಎಂದು ಪರದೆಯಲ್ಲಿದ್ದದ್ದನ್ನೆಲ್ಲ ಇಳಿಸುತ್ತಾರೆ. ವೋಲ್ಟೇಜೇ ಸಂಜೆಯ ಹೊತ್ತಿಗೆ 230 ಇರುವುದಿಲ್ಲ ಎಂದು ಮನೆಯ ದೀಪ ನೋಡಿದ ಮಗುವಿಗೆ ಗೊತ್ತು, 4.3 ಎಂದರೆ ಸಾಕು.

ಲೆಕ್ಕಗಳನ್ನು ಎಲ್ಲಿಂದ ಆರಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಪಠ್ಯಪುಸ್ತಕದ ಲೆಕ್ಕಗಳ ಬಗ್ಗೆ ನನಗೆ ಗೌರವವಿದೆ, ಆದರೆ ಅವುಗಳ ಉತ್ತರ ಗೈಡಿನಲ್ಲಿ ಸಿದ್ಧವಾಗಿರುತ್ತದೆ. ಮನೆಯಲ್ಲಿರುವ ವಸ್ತುವಿನ ಮೇಲೆ ಲೆಕ್ಕ ಕಟ್ಟಿದರೆ ನಕಲು ಮಾಡಲು ಮೂಲವೇ ಇರುವುದಿಲ್ಲ. ನಾನು ಪ್ರತಿ ವರ್ಷ ತಪ್ಪದೆ ಕೊಡುತ್ತಿದ್ದ ಒಂದು ಲೆಕ್ಕ ಅಡುಗೆ ಅನಿಲದ್ದು. ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಅದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪೂರ್ತಿ ಬ್ಯೂಟೇನ್ ಎಂದೇ ಇಟ್ಟುಕೊಳ್ಳೋಣ. ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ನಿಮ್ಮ ಒಲೆಯಿಂದ ಎಷ್ಟು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬಂದಿರುತ್ತದೆ? ಲೆಕ್ಕ ಮಾಡುವ ಮೊದಲು ಊಹಿಸಿ ಬರೆಯಿರಿ ಎನ್ನುತ್ತಿದ್ದೆ. ಎರಡು ಕಿಲೋ, ಐದು ಕಿಲೋ ಎಂದು ಬರೆಯುವವರೇ ಹೆಚ್ಚು, 14.2ನ್ನು ದಾಟಿ ಊಹಿಸಿದವರು ನನಗೆ ನೆನಪಿಲ್ಲ.

ಈಗ ಹಂತಗಳು. ಬ್ಯೂಟೇನ್ ಅಣುವಿನಲ್ಲಿ ಕಾರ್ಬನ್ ನಾಲ್ಕು, ಹೈಡ್ರೋಜನ್ ಹತ್ತು. ಕಾರ್ಬನ್ನಿನ ಪರಮಾಣು ರಾಶಿ 12, ಹೈಡ್ರೋಜನ್ನಿನದು 1, ಒಟ್ಟು 58. ನಾಲ್ಕು ಕಾರ್ಬನ್‌ಗಳು ಉರಿದರೆ ನಾಲ್ಕು ಕಾರ್ಬನ್ ಡೈಆಕ್ಸೈಡ್ ಅಣುಗಳು. ಒಂದರ ಅಣುರಾಶಿ 44, ನಾಲ್ಕಕ್ಕೆ 176. ಅಂದರೆ 58 ಗ್ರಾಂ ಬ್ಯೂಟೇನಿಗೆ 176 ಗ್ರಾಂ. ಅದೇ ಪ್ರಮಾಣದಲ್ಲಿ 14.2 ಕಿಲೋಗೆ ಸುಮಾರು 43 ಕಿಲೋ. ಈ ಉತ್ತರ ಬಂದ ಕೂಡಲೇ ತರಗತಿಯಲ್ಲಿ ಗದ್ದಲ ಏಳುತ್ತಿತ್ತು. ಲೆಕ್ಕ ತಪ್ಪಿದೆ, ಹಾಕಿದ್ದಕ್ಕಿಂತ ಮೂರು ಪಟ್ಟು ಬರುವುದು ಹೇಗೆ ಎಂದು ಹಿಂದಿನ ಬೆಂಚಿನವರೂ ಎದ್ದು ವಾದಿಸುತ್ತಿದ್ದರು. ಆ ವಾದಕ್ಕಾಗಿಯೇ ನಾನು ಕಾಯುತ್ತಿದ್ದೆ. ಉಳಿದ ತೂಕ ಎಲ್ಲಿಂದ ಬಂತು ಎಂದು ಅವರೇ ಹುಡುಕಬೇಕು. ಸಮೀಕರಣವನ್ನು ಸರಿದೂಗಿಸಿದರೆ ಎರಡು ಬ್ಯೂಟೇನಿಗೆ ಹದಿಮೂರು ಆಕ್ಸಿಜನ್ ಅಣುಗಳು ಬೇಕೆಂದು ಕಾಣುತ್ತದೆ. 116 ಗ್ರಾಂ ಬ್ಯೂಟೇನಿಗೆ 416 ಗ್ರಾಂ ಆಕ್ಸಿಜನ್. ಒಂದು ಸಿಲಿಂಡರ್ ಉರಿಯಲು ಅಡುಗೆಮನೆಯ ಗಾಳಿಯಿಂದ ಸುಮಾರು 51 ಕಿಲೋ ಆಕ್ಸಿಜನ್ ತೆಗೆದುಕೊಳ್ಳುತ್ತದೆ. ಹೊರಗೆ ಬರುವುದು 43 ಕಿಲೋ ಕಾರ್ಬನ್ ಡೈಆಕ್ಸೈಡ್ ಮತ್ತು ಸುಮಾರು 22 ಕಿಲೋ ನೀರಿನ ಆವಿ. ಒಳಗೆ ಹೋದದ್ದು 65, ಹೊರಗೆ ಬಂದದ್ದು 65. ರಾಶಿ ಸಂರಕ್ಷಣಾ ನಿಯಮವನ್ನು ಬಾಯಿಪಾಠ ಒಪ್ಪಿಸಿದ್ದ ಮಕ್ಕಳು ಆ ದಿನ ಅದನ್ನು ತಮ್ಮ ಕೈಯಿಂದಲೇ ಕಂಡುಕೊಳ್ಳುತ್ತಿದ್ದರು. ಅಡುಗೆಮನೆಯ ಕಿಟಕಿ ತೆರೆದಿಡಬೇಕೆಂದು ಮನೆಗೆ ಹೋಗಿ ತಾಯಿಗೆ ಹೇಳಿದ ಮಕ್ಕಳೂ ಇದ್ದಾರೆ.

ಇಂಥ ಲೆಕ್ಕಗಳು ನಮ್ಮ ಸುತ್ತ ಬೇಕಾದಷ್ಟಿವೆ. ಯೂರಿಯಾ ಚೀಲದ ಮೇಲೆ ಸಾರಜನಕ ಶೇ 46 ಎಂದು ಅಚ್ಚಾಗಿರುತ್ತದೆ. ಯೂರಿಯಾ ಅಣುವಿನಲ್ಲಿ ಸಾರಜನಕ ಎರಡು, ಕಾರ್ಬನ್ ಒಂದು, ಆಕ್ಸಿಜನ್ ಒಂದು, ಹೈಡ್ರೋಜನ್ ನಾಲ್ಕು. ಅಣುರಾಶಿ 60, ಅದರಲ್ಲಿ ಸಾರಜನಕದ ಪಾಲು 28. ಭಾಗಿಸಿದರೆ ಶೇ 46.7. ಚೀಲದ ಮೇಲಿನ ಅಂಕಿ ತನ್ನ ನೋಟ್‌ಬುಕ್ಕಿನಲ್ಲಿ ಹುಟ್ಟಿದ್ದನ್ನು ಕಂಡಾಗ ರೈತನ ಮಗನ ಮುಖದಲ್ಲಿ ಬರುವ ಕಳೆಯನ್ನು ನೋಡಬೇಕು. 45 ಕಿಲೋ ಚೀಲದಲ್ಲಿ ಗಿಡಕ್ಕೆ ಸಿಗಬಹುದಾದ ಸಾರಜನಕ 20.7 ಕಿಲೋ ಎಂದು ಅವನು ಅಪ್ಪನಿಗೆ ಲೆಕ್ಕ ಹೇಳಬಲ್ಲ. ಐದು ಎಚ್.ಪಿ. ಪಂಪ್‌ಸೆಟ್ ಮೂರು ಗಂಟೆ ಓಡಿದರೆ, ಒಂದು ಎಚ್.ಪಿ.ಗೆ 746 ವಾಟ್‌ನಂತೆ, 11.2 ಯೂನಿಟ್ ಕೆಲಸವಾಗುತ್ತದೆ. ಮೋಟಾರು ಎಳೆಯುವ ವಿದ್ಯುತ್ ಅದಕ್ಕಿಂತ ಹೆಚ್ಚು, ಏಕೆಂದರೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆಯಾಗಿದ್ದರೂ ಬಳಸಿದ ಯೂನಿಟ್ಟುಗಳು ಬಿಲ್ಲಿನಲ್ಲಿರುತ್ತವೆ, ಅವನ್ನು ಮಗುವಿನ ಮುಂದಿಡಬಹುದು. ಅರ್ಧ ಲೀಟರ್ ಹಾಲಿನ ಪೊಟ್ಟಣವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 500 ಗ್ರಾಮಿಗಿಂತ ಸುಮಾರು 15 ಗ್ರಾಂ ಹೆಚ್ಚು ತೂಗುತ್ತದೆ. ಸಾಂದ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ? ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಏಕೆ ಇಳಿಬಿಡುತ್ತಾರೆ ಎಂಬುದು ಅಲ್ಲಿಂದ ಒಂದೇ ಹೆಜ್ಜೆ. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವ ಮನೆಗಳಲ್ಲಿ, ಸುಟ್ಟ ಸುಣ್ಣ 56 ಗ್ರಾಮಿಗೆ ನೀರು 18 ಗ್ರಾಂ ಸೇರಿ 74 ಗ್ರಾಂ ಅರಳಿದ ಸುಣ್ಣವಾಗುವ ಲೆಕ್ಕವನ್ನು, ಕೊಡ ಬಿಸಿಯಾಗುವುದನ್ನು ದೂರದಿಂದ ಗಮನಿಸುತ್ತ ಮಾಡಬಹುದು. ದೂರದಿಂದ ಎಂದು ಒತ್ತಿ ಹೇಳುತ್ತೇನೆ, ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ.

ಮಕ್ಕಳು ಹೆದರುವ ಮೋಲ್ ಪರಿಕಲ್ಪನೆಗೂ ಇದೇ ಮಾತು ಅನ್ವಯಿಸುತ್ತದೆ. 6.022ನ್ನು 10ರ 23ನೇ ಘಾತದಿಂದ ಗುಣಿಸಿದ ಸಂಖ್ಯೆಯನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆದರೆ ಅರ್ಧ ತರಗತಿ ಅಲ್ಲಿಯೇ ಕೈಚೆಲ್ಲುತ್ತದೆ. ಡಜನ್ ಎಂದರೆ 12, ಗ್ರೋಸ್ ಎಂದರೆ 144, ಹಾಗೆ ಮೋಲ್ ಎಂದರೆ ಎಣಿಕೆಗೆ ಇಟ್ಟ ಒಂದು ಹೆಸರು. ಮೊದಲು ಇದನ್ನು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂದು ಹೇಳುತ್ತಿದ್ದರು. 2019ರ ಮೇ 20ರಿಂದ ಆ ಸಂಖ್ಯೆಯನ್ನೇ ನೇರವಾಗಿ ನಿಗದಿಪಡಿಸಲಾಗಿದೆ. 18 ಗ್ರಾಂ ನೀರನ್ನು, ಅಂದರೆ ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪವೇ ಹೆಚ್ಚು ನೀರನ್ನು, ಅಂಗೈಯಲ್ಲಿ ಹಿಡಿದು ನಿಂತ ಮಗುವಿಗೆ "ನಿನ್ನ ಕೈಯಲ್ಲಿರುವುದು ಒಂದು ಮೋಲ್" ಎಂದರೆ ಆ ದೈತ್ಯ ಸಂಖ್ಯೆಗೆ ಒಂದು ಆಕಾರ ಬರುತ್ತದೆ. 36 ಗ್ರಾಮಿನಲ್ಲಿ ಎಷ್ಟು ಮೋಲ್ ಎಂಬುದಕ್ಕೆ ಆಮೇಲೆ ಸೂತ್ರ ಬೇಕಾಗುವುದಿಲ್ಲ.

ಭಾಷೆಯ ವಿಷಯವನ್ನು ಇಲ್ಲಿ ಹೇಳದಿರಲಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾರಿಭಾಷಿಕ ಪದಗಳು ಕನ್ನಡದಲ್ಲಿದ್ದರೂ ಮನೆಯ ಕನ್ನಡದಲ್ಲಿ ಅವುಗಳ ಅರ್ಥ ಬೇರೆ. ಮನೆಯಲ್ಲಿ ರಾಶಿ ಎಂದರೆ ಕಣದಲ್ಲಿ ಸುರಿದ ರಾಗಿಯ ಗುಡ್ಡೆ, ಪಾಠದಲ್ಲಿ ರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಜವ ಮತ್ತು ವೇಗ ಮನೆಮಾತಿನಲ್ಲಿ ಒಂದೇ. ಪಾಠದಲ್ಲಿ ಎರಡನೆಯದಕ್ಕೆ ದಿಕ್ಕು ಬೇಕು. ತಲೆಯ ಮೇಲೆ ಕೊಡ ಹೊತ್ತು ಸಮತಟ್ಟಾದ ದಾರಿಯಲ್ಲಿ ನಡೆಯುವವಳು ಗುರುತ್ವದ ವಿರುದ್ಧ ಕೆಲಸ ಮಾಡಿದಂತಾಗುವುದಿಲ್ಲ ಎಂದು ಪಾಠದಲ್ಲಿ ಓದಿದ ಹುಡುಗಿಯೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮಮ್ಮ ದಿನಾ ಎಂಟು ಕೊಡ ಹೊರುತ್ತಾಳೆ ಮಿಸ್" ಎಂದಿದ್ದಳು. ಬಲದ ದಿಕ್ಕಿನಲ್ಲಿ ಸ್ಥಾನಪಲ್ಲಟವಾದಾಗ ಮಾತ್ರ ಭೌತವಿಜ್ಞಾನ ಆ ಪದವನ್ನು ಬಳಸುತ್ತದೆ, ಕೊಡವನ್ನು ನೆಲದಿಂದ ತಲೆಗೆ ಎತ್ತುವಾಗ ಆ ಕೆಲಸ ಆಗಿಯೇ ಇರುತ್ತದೆ, ಹೊತ್ತು ನಡೆಯುವಾಗ ಅಮ್ಮನ ಸ್ನಾಯುಗಳು ಶಕ್ತಿ ವ್ಯಯಿಸುತ್ತಲೇ ಇರುತ್ತವೆ ಎಂದು ಅವಳಿಗೆ ಬಿಡಿಸಿ ಹೇಳಲು ಒಂದು ಪಿರಿಯಡ್ ಪೂರ್ತಿ ಬೇಕಾಯಿತು. ಆ ಪಿರಿಯಡ್ ವ್ಯರ್ಥವಾಯಿತೆಂದು ನನಗೆ ಎಂದೂ ಅನ್ನಿಸಿಲ್ಲ. ಮುಂದೆ ಪಿಯುಸಿಯಲ್ಲಿ ಈ ಮಕ್ಕಳು ವಿಜ್ಞಾನವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಹಂತಗಳನ್ನು ತನ್ನ ಮಾತಿನಲ್ಲಿ ಬರೆದು ಬಂದ ಮಗುವಿಗೆ ಅಲ್ಲಿ ಹೊಸ ಪದಗಳನ್ನು ಕಲಿತರೆ ಸಾಕು. ನಕಲು ಮಾಡಿ ಬಂದ ಮಗು ಪದವನ್ನೂ ವಿಷಯವನ್ನೂ ಒಟ್ಟಿಗೆ ಕಲಿಯಬೇಕು, ಮತ್ತು ಮೊದಲ ಕಿರುಪರೀಕ್ಷೆಯಲ್ಲೇ ಸೋತು, ವಿಜ್ಞಾನ ತನ್ನಂಥವರಿಗಲ್ಲ ಎಂದು ನಂಬಿಬಿಡುತ್ತದೆ.

ನಮಗೆ ವಿಜ್ಞಾನ ತಿಳಿಯದು, ಮಕ್ಕಳಿಗೆ ಹೇಗೆ ಹೇಳಿಕೊಡುವುದು ಎಂದು ಕೇಳುವ ಪಾಲಕರು ಬಹಳ. ಹೇಳಿಕೊಡಬೇಕಾಗಿಲ್ಲ. ರಾತ್ರಿ ಒಂದು ಲೆಕ್ಕವನ್ನು ತೋರಿಸಿ ಏನನ್ನು ಕೊಟ್ಟಿದ್ದಾರೆ, ಏನನ್ನು ಕೇಳಿದ್ದಾರೆ, ಈ ಅಂಕಿ ಯಾವುದರದ್ದು, ಕಿಲೋವೋ ಮೀಟರೋ ಎಂದು ಕೇಳಿದರೆ ಸಾಕು. ಅಕ್ಷರ ಬಾರದ ತಾಯಿಯೂ "ಇದು ಹೇಗೆ ಬಂತು?" ಎಂದು ಕೇಳಬಲ್ಲಳು, ಮಗು ತಡವರಿಸಿದ್ದನ್ನು ಅವಳು ಖಂಡಿತ ಗುರುತಿಸಬಲ್ಲಳು. ಅಂಕಗಳ ಚಿಂತೆ ಇರುವವರಿಗೂ ಒಂದು ಮಾತು. ಎಸ್ಸೆಸ್ಸೆಲ್ಸಿ ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕಗಳದ್ದು. ಲೆಕ್ಕಗಳ ಮೌಲ್ಯಮಾಪನದಲ್ಲಿ ಸೂತ್ರಕ್ಕೆ, ಕೊಟ್ಟ ಅಂಕಿಗಳನ್ನು ಸೂತ್ರದಲ್ಲಿ ತುಂಬಿದ್ದಕ್ಕೆ, ಏಕಮಾನ ಸಹಿತ ಉತ್ತರಕ್ಕೆ ಅಂಕಗಳನ್ನು ಹಂಚಿರುತ್ತಾರೆ. ಕೊನೆಯ ಗುಣಾಕಾರ ತಪ್ಪಿದ ಮಗುವಿಗೂ ಹಂತಗಳಿದ್ದರೆ ಅಂಕ ಕೊಟ್ಟಿದ್ದೇನೆ. ಬರಿಯ ಸಂಖ್ಯೆಯೊಂದನ್ನು ಬರೆದವನಿಗೆ, ಅದು ಸರಿಯಿದ್ದರೂ, ಪೂರ್ಣ ಅಂಕ ಕೊಡಲು ಆಗದೆ ಕೈಕಟ್ಟಿದಂತಾಗಿದೆ.

ತಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ಪರೀಕ್ಷೆಯ ತಿಂಗಳುಗಳಲ್ಲಿ ಪತ್ರಿಕೆಗಳು ಹತ್ತನೆಯ ತರಗತಿಯ ಮಾದರಿ ಪ್ರಶ್ನೆಗಳನ್ನೂ ಉತ್ತರಗಳನ್ನೂ ಪ್ರಕಟಿಸುತ್ತವೆ. ಹಳ್ಳಿಯ ವಾಚನಾಲಯಗಳಲ್ಲಿ ಮಕ್ಕಳು ಆ ಪುಟವನ್ನು ಕತ್ತರಿಸಿಟ್ಟುಕೊಳ್ಳುವುದನ್ನು ಕಂಡಿದ್ದೇನೆ. ಈ ವರ್ಷ ಆ ಪುಟದಲ್ಲಿ ವಿಜ್ಞಾನದ ಹತ್ತು ಲೆಕ್ಕಗಳ ಬದಲು ಎರಡನ್ನೇ ಕೊಡಿ. ಒಂದನ್ನು ಪ್ರತಿ ಹಂತಕ್ಕೂ ಕಾರಣ ಬರೆದು ಪೂರ್ತಿ ಬಿಡಿಸಿ. ಇನ್ನೊಂದನ್ನು, ಮಗುವೊಂದು ಸಾಮಾನ್ಯವಾಗಿ ಮಾಡುವ ತಪ್ಪಿನೊಂದಿಗೆ ಪ್ರಕಟಿಸಿ, ಯಾವ ಸಾಲಿನಲ್ಲಿ ಹಾದಿ ತಪ್ಪಿದೆ ಎಂದು ಓದುಗ ಮಕ್ಕಳನ್ನೇ ಕೇಳಿ, ಉತ್ತರವನ್ನು ಮರುದಿನದ ಸಂಚಿಕೆಯಲ್ಲಿ ನೀಡಿ. ಸೇವೆಯಲ್ಲಿರುವ ಹಾಗೂ ನಿವೃತ್ತರಾದ ವಿಜ್ಞಾನ ಶಿಕ್ಷಕರಲ್ಲಿ ಇಂಥ ತಪ್ಪುಗಳ ಸಂಗ್ರಹ ಧಾರಾಳವಾಗಿದೆ. ಕೇಳಿದರೆ ಸಂತೋಷದಿಂದ ಕಳುಹಿಸುತ್ತಾರೆ. ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡವುಗಳನ್ನು ಕಳುಹಿಸಲು ನಾನು ಸಿದ್ಧಳಿದ್ದೇನೆ.

ಪಕ್ಕದ ಮನೆಯ ಹುಡುಗಿ ಅಲ್ಯೂಮಿನಿಯಂ ಸಮೀಕರಣವನ್ನು ಮರುದಿನ ತಾನೇ ಮಾಡಿಕೊಂಡು ಬಂದು ತೋರಿಸಿದಳು. ಎಡಗಡೆ ಕ್ಲೋರಿನ್ ಎರಡು, ಬಲಗಡೆ ಮೂರು, ಎರಡಕ್ಕೂ ಸೇರುವ ಸಂಖ್ಯೆ ಆರು, ಆದ್ದರಿಂದ ತಾಮ್ರದ ಕ್ಲೋರೈಡ್ ಮೂರು, ಅಲ್ಯೂಮಿನಿಯಂ ಕ್ಲೋರೈಡ್ ಎರಡು ಎಂದು ಪಕ್ಕದಲ್ಲಿ ಕನ್ನಡದಲ್ಲೇ ಬರೆದಿದ್ದಳು. ಅಲ್ಯೂಮಿನಿಯಂ ಎರಡು ಎಂದು ಹಾಕುವುದನ್ನು ಮರೆತಿದ್ದಳು. ಆ ಸಾಲಿನ ಕೆಳಗೆ ಗೆರೆ ಎಳೆದು ಪುಸ್ತಕವನ್ನು ಹಿಂದಿರುಗಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಹಾಸನ ಜಿಲ್ಲೆ